ಎಡಗೈ ಕಾಜ

ಫೆಬ್ರುವರಿ 3

ದಿನಾ ಬರೆಯಬೇಕಂತೆ. ಏನು ತಿಂದೆ, ನಿದ್ದೆ ಬಂತೋ ಇಲ್ಲವೋ, ಮನಸ್ಸು ಹೇಗಿತ್ತು, ಎಲ್ಲ. ಕೊನೆಗೆ ನೋವಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಬೇರೆ ಕೊಡಬೇಕಂತೆ. ನನ್ನ ನೋವೇನು ಪರೀಕ್ಷೆಗೆ ಕೂತಿದೆಯೇ?

ಹೇಳಿದವಳು ಮೂಲೆ ರಸ್ತೆಯ ಆರೈಕೆ ಕೇಂದ್ರದ ಹೆಂಗಸು. ಹೋಗಿ ಕೂತ ಕೂಡಲೇ ಒಂದು ಬೋಗುಣಿ ತುಂಬ ಬಿಸಿನೀರು ತಂದಿಟ್ಟು, ಎರಡೂ ಕೈ ಇಳಿಬಿಡಿ ಎಂದಳು. ಹೆಸರು ಹೇಳಿದ್ದಳು, ಮರೆತೆ. ನನ್ನ ಪಾಲಿಗೆ ಅವಳು ಬಿಸಿನೀರಮ್ಮ. ಬರೆದದ್ದನ್ನು ಯಾರಿಗೂ ತೋರಿಸಬೇಡಿ, ನನಗೂ ಬೇಡ ಎಂದಳು. ಅಷ್ಟರ ಮಟ್ಟಿಗೆ ಬುದ್ಧಿವಂತೆ.

ಪೆನ್ಸಿಲ್ಲಿಗೆ ಚಿಂದಿ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಬರೆಯುತ್ತಿದ್ದೇನೆ. ಇವತ್ತಿನ ಅಂಕ ಎಂಟು. ತೃಪ್ತಿಯಾಯಿತೇ?

ಫೆಬ್ರುವರಿ 5

ನಿನ್ನೆ ಬರೆಯಲಿಲ್ಲ. ಬೆಳಿಗ್ಗೆ ಬೆರಳು ಮಡಚಲು ಬರಲಿಲ್ಲ, ಸಂಜೆ ಬೆರಳು ಬಂದಾಗ ಮನಸ್ಸು ಬರಲಿಲ್ಲ.

ಎದ್ದ ಹೊತ್ತಿನಲ್ಲಿ ಈ ಕೈ ನನ್ನದಲ್ಲ. ಹಲ್ಲುಜ್ಜುವ ಬ್ರಷ್ ಹಿಡಿಯಲು ಎರಡೂ ಕೈ ಬೇಕು. ಹೊತ್ತೇರಿದ ಹಾಗೆ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ, ಅಷ್ಟರಲ್ಲಿ ಲೋಕವೆಲ್ಲ ಅರ್ಧ ಕೆಲಸ ಮುಗಿಸಿರುತ್ತದೆ. ಡಾಕ್ಟರಮ್ಮ ಇದಕ್ಕೆ ರುಮಟಾಯ್ಡ್ ಸಂಧಿವಾತ ಎನ್ನುತ್ತಾಳೆ. ಮೈಯನ್ನು ಕಾಯಬೇಕಾದ ಕಾವಲುಗಾರರೇ ದಾರಿತಪ್ಪಿ, ಸ್ವಂತ ಕೀಲುಗಳನ್ನೇ ಕಳ್ಳರೆಂದು ಬಡಿಯುತ್ತಿದ್ದಾರಂತೆ. ಇಷ್ಟು ವರ್ಷ ಉಣಿಸಿ ತಿನ್ನಿಸಿ ಸಾಕಿದ ಮೈ ಹೀಗೆ ತಿರುಗಿಬಿದ್ದರೆ ಯಾರ ಮುಂದೆ ದೂರು ಹೇಳುವುದು?

ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟಿದ್ದಾಳೆ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ಹೊಟ್ಟೆ ತೊಳೆಸಬಹುದು, ಕೂದಲು ಉದುರಬಹುದು ಎಂದಳು. ತಡಮಾಡಿದರೆ ಕೀಲು ಸವೆಯುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ ಎಂದೂ ಹೇಳಿದಳು. ಹೆದರಿಸುವುದೇ ಅವರ ಕಸುಬು. ಮಾತ್ರೆ ಡಬ್ಬಿ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಭದ್ರವಾಗಿದೆ.

ಫೆಬ್ರುವರಿ 9

ಇವತ್ತು ಬ್ಯಾಂಡ್ ಮೇಷ್ಟ್ರ ಕೋಟಿಗೆ ಕಾಜ ಶುರುಮಾಡಿದೆ. ಸೂಜಿ ಮತ್ತೆ ಮತ್ತೆ ಜಾರಿತು.

ಅಂಗಡಿ ಮಾವ ಕಟ್ಟಿದ್ದು. ಕೋಟು ಬಿಟ್ಟರೆ ಬೇರೆ ಏನೂ ಹೊಲಿಯುವುದಿಲ್ಲ. ನಮ್ಮ ಮನೆಯವರು ಅಳತೆ ತೆಗೆದು ಕತ್ತರಿಸುತ್ತಾರೆ, ಓರಗಿತ್ತಿ ಮಿಷನ್ನಿನಲ್ಲಿ ಹೊಲಿಯುತ್ತಾಳೆ, ಕೈಹೊಲಿಗೆ ನನ್ನದು. (ಅವಳ ಗಂಡ, ನನ್ನ ಮೈದುನ, ಅಂಗಡಿ ಬೇಡ ಬಸ್ಸೇ ಸಾಕು ಎಂದು ಡ್ರೈವರ್ ಆದ.) ಕೈಹೊಲಿಗೆಯಲ್ಲೂ ಕಾಜವೇ ನನ್ನ ಜೀವ. ಗುಂಡಿ ತೂರಿಸಲು ಒಂದು ಸೀಳು, ಅದರ ಅಂಚಿಗೆ ಒತ್ತೊತ್ತಾಗಿ ಹೊಲಿಗೆ, ಅಷ್ಟೇ ತಾನೇ ಎನ್ನುವವರು ಒಂದು ಹೊಲಿದು ತೋರಿಸಲಿ. ನಾನು ಎಡಚಿ. ನನ್ನ ಎಳೆ ಎಲ್ಲರ ಎಳೆಗಿಂತ ಎದುರು ದಿಕ್ಕಿಗೆ ವಾಲುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅದನ್ನು ಕನ್ನಡಕ ಏರಿಸಿ ನೋಡಿ, ತಿದ್ದಲು ಹೋಗದೆ, ಇದೇ ನಮ್ಮ ಅಂಗಡಿಯ ಗುರುತಾಗಲಿ ಎಂದಿದ್ದರು.

ಓರಗಿತ್ತಿಗೆ ಕಾಜ ಬರುವುದಿಲ್ಲ ಅಂತಲ್ಲ. ದಾರದ ತುದಿಗೆ ಗಂಟು ಹಾಕುತ್ತಾಳೆ. ಮಾವನ ಅಂಗಡಿಯಲ್ಲಿ ಅದು ಮಹಾಪರಾಧ. ದಾರದ ತುದಿಯನ್ನು ಬಟ್ಟೆಯ ಎರಡು ಪದರದ ನಡುವೆ ಓಡಿಸಿ, ಅದರ ಮೇಲೇ ಹೊಲಿದುಕೊಂಡು ಹೋಗಬೇಕು, ಗಂಟಿಲ್ಲದೆಯೇ ಬಿಗಿಯುತ್ತದೆ. ಹೇಳಿ ಹೇಳಿ ಬಾಯಿ ನೋಯಿತು. ಕೊನೆಗೆ ಗಂಟಮ್ಮ ಎಂದು ಹೆಸರಿಟ್ಟು ಸುಮ್ಮನಾದೆ. ಕರೆದರೆ ನಗುತ್ತಾಳೆ. ನಕ್ಕರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಅಂಕ ಎಂಟೂವರೆ.

ಫೆಬ್ರುವರಿ 10

ಹಾಳಾಯಿತು. ಬೆಕ್ಕು ಪರಚಿದ ಹಾಗಿದೆ. ಕೋಟನ್ನು ಹಾಗೇ ತೂಗುಹಾಕಿ ಮನೆಗೆ ಬಂದೆ. ಈ ಕೈ ಹೋದರೆ ಅಂಗಡಿಯಲ್ಲಿ ನಾನು ಏನು ಮಾಡುತ್ತ ಕೂರಲಿ, ಗಿರಾಕಿಗಳಿಗೆ ನೀರು ಕೊಡುತ್ತಲೇ?

ಫೆಬ್ರುವರಿ 11

ವಿಚಿತ್ರ. ಬೆಳಿಗ್ಗೆ ಹೋಗಿ ನೋಡಿದರೆ ಕಾಜ ನಿನ್ನೆ ಕಂಡಷ್ಟು ಕೆಟ್ಟದಾಗಿಲ್ಲ. ಕೆಟ್ಟದಾಗಿರುವುದೇನು, ಚೆನ್ನಾಗಿಯೇ ಇದೆ. ಎಳೆಗಳು ನನ್ನ ದಿಕ್ಕಿಗೇ ವಾಲಿ, ಸಾಲಾಗಿ ಕೂತಿವೆ. ಸಂಜೆಯ ಬೆಳಕನ್ನು ನಂಬಬಾರದು. ನೋವಿದ್ದಾಗ ಎಲ್ಲವೂ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ ಎಂದು ಬಿಸಿನೀರಮ್ಮ ಹೇಳಿದ್ದು ಸುಳ್ಳಲ್ಲ.

ಏಳು ಕೊಡೋಣ.

ಫೆಬ್ರುವರಿ 24

ಬಿಸಿನೀರಮ್ಮನ ಕಾರುಬಾರು ದಿನೇ ದಿನೇ ಬೆಳೆಯುತ್ತಿದೆ. ಎದ್ದ ಕೂಡಲೇ ಬಿಸಿನೀರು. ಆಮೇಲೆ ಕರಗಿಸಿದ ಮೇಣದಲ್ಲಿ ಕೈ ಅದ್ದಿ, ಅದು ಕೈಗವಸಿನ ಹಾಗೆ ಗಟ್ಟಿಯಾದ ಮೇಲೆ ಸುಲಿಯುವುದು. ಕಣ್ಣು ಮುಚ್ಚಿ ನಿಧಾನ ಉಸಿರಾಟ. ವಾರಕ್ಕೆರಡು ಸಲ ಈಜುಕೊಳ. ಈಜುವುದಲ್ಲ, ಎದೆಮಟ್ಟದ ನೀರಿನಲ್ಲಿ ಎಮ್ಮೆಯ ಹಾಗೆ ನಡೆಯುವುದು. ಕರಿದದ್ದು ಬೇಡ, ಸಿಹಿ ಕಮ್ಮಿ. ನನ್ನ ಬಾಯಿಚಪಲದ ಮೇಲೂ ಅವಳ ಕಣ್ಣು.

ಆದರೆ ಮೇಣ ಸುಲಿದ ಮೇಲೆ ಬೆರಳು ಹಗುರಾಗುವುದು ನಿಜ. ನಿದ್ದೆಯೂ ಬರುತ್ತಿದೆ. ಇವತ್ತು ಅವಳು, ಡಾಕ್ಟರ ಮಾತ್ರೆ ಶುರುಮಾಡಿದಿರಾ ಎಂದು ಕೇಳಿದಳು. ಹೂಂ ಎಂದೆ. ಅವಳಿಗೇಕೆ ಬೇಜಾರು ಮಾಡುವುದು.

ಮಾರ್ಚ್ 8

ಬ್ಯಾಂಡ್ ಮೇಷ್ಟ್ರ ಕೋಟು, ವಕೀಲರ ಕೋಟು, ಹೋಟೆಲಿನವರ ನಾಲ್ಕು ಕೋಟು, ಎಲ್ಲಕ್ಕೂ ನನ್ನ ಕೈ ಕಾಜ. ಒಂದೂ ವಾಪಸ್ ಬಂದಿಲ್ಲ. ಸಂಜೆ ಹೊಲಿದು ಬರುತ್ತೇನೆ, ಬೆಳಿಗ್ಗೆ ಹೋಗಿ ನೋಡಿ ಖುಷಿಪಡುತ್ತೇನೆ. ಮಾತ್ರೆ ಇಲ್ಲದೆಯೇ! ಡಾಕ್ಟರಮ್ಮ ರಕ್ತ ಪರೀಕ್ಷೆ ಎನ್ನುತ್ತಾಳೆ. ನನ್ನ ಕಾಜವೇ ನನ್ನ ರಕ್ತ ಪರೀಕ್ಷೆ.

ಗಂಟಮ್ಮನಿಗೆ ಇದ್ದಕ್ಕಿದ್ದಂತೆ ಶ್ರದ್ಧೆ ಬಂದಿದೆ. ಬೆಳಗಾಗುತ್ತಲೇ ಬೀಗದ ಕೈ ಹಿಡಿದು ಅಂಗಡಿಗೆ ಹೊರಡುತ್ತಾಳೆ. ಕಸ ಗುಡಿಸಬೇಕಂತೆ. ಇಷ್ಟು ವರ್ಷ ಆ ಕಸ ಕಂಡಿರಲಿಲ್ಲವೇ? ಮುಂದೆ ಅಂಗಡಿ ತನ್ನದೇ ಎಂಬ ಲೆಕ್ಕಾಚಾರವೋ ಏನೋ. ನಾನಿನ್ನೂ ಸತ್ತಿಲ್ಲ ತಾಯಿ.

ಐದು.

ಮಾರ್ಚ್ 27

ಡಾಕ್ಟರ ಬಳಿ ಹೋಗಬೇಕಿತ್ತು. ಹೋಗಲಿಲ್ಲ. ಇವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತೇ ಇದ್ದರು, ಬರಲ್ವಾ ಎಂದು ಕೇಳಿದರು. ಕೈ ಎತ್ತಿ ಅವರ ಮುಖದ ಮುಂದೆ ಬೆರಳು ಕುಣಿಸಿ ತೋರಿಸಿದೆ. ಏನೋ ಹೇಳಲು ಹೋದರು, ಚಪ್ಪಲಿ ಕಳಚಿಟ್ಟು ಒಳಗೆ ಬಂದರು. ಇವರ ಮಾತೇ ಹೀಗೆ, ಅರ್ಧ ಗಂಟಲಲ್ಲೇ ಉಳಿಯುತ್ತದೆ.

ಏಪ್ರಿಲ್ 12

ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣು ಊದಿದೆ, ಮುಟ್ಟಿದರೆ ಬಿಸಿ. ಉಂಗುರ ತೆಗೆಯಲು ಸೋಪು ಹಚ್ಚಬೇಕಾಯಿತು. ಇರಲಿ. ನಿನ್ನೆಯ ಕಾಜ ಕನ್ನಡಿಯ ಹಾಗಿದೆ. ಇಪ್ಪತ್ತು ವರ್ಷದ ಹಿಂದಿನ ನನ್ನ ಕೈ.

ಇವತ್ತು ಗಂಟಮ್ಮ ಟೀ ಲೋಟವನ್ನು ಎಡಗೈಯಲ್ಲಿ ಎತ್ತಿದಳು. ಬಾಗಿಲಿಗೆ ಚಿಲಕ ಹಾಕಿದ್ದೂ ಎಡಗೈಯಲ್ಲೇ. ನನ್ನನ್ನು ಅಣಕಿಸುತ್ತಿದ್ದಾಳೆಯೇ? ಕೇಳಿದೆ. ಕೆಂಪಾಗಿ, ಏನೋ ಅಭ್ಯಾಸ ಆಯ್ತು ಅಕ್ಕಾ ಎಂದು ಒಳಗೆ ಹೋದಳು. ನಲವತ್ತು ದಾಟಿದ ಮೇಲೆ ಇದೆಂಥ ಹುಡುಗಾಟ.

ಮೇ 6

ಬ್ಯಾಂಡ್ ಮೇಷ್ಟ್ರು ಕೋಟು ವಾಪಸ್ ತಂದರು. ಹೊಟ್ಟೆ ಬಂದಿದೆ, ಗುಂಡಿ ಎಳೆದು ಎಳೆದು ಒಂದು ಕಾಜದ ತುದಿ ಹರಿದಿದೆ. ನಾನೇ ಸರಿಮಾಡುತ್ತೇನೆ ಎಂದು ಕಿಟಕಿ ಬಳಿ ಕೂತೆ. ಗಂಟಮ್ಮ, ಕೊಡಿ ಅಕ್ಕಾ ನಾನು ಬಿಚ್ಚುತ್ತೇನೆ ಎಂದು ಓಡಿ ಬಂದಳು. ನಿನ್ನ ಮಿಷನ್ ನೋಡಿಕೋ ಹೋಗು ಎಂದೆ.

ಎಳೆ ಎಳೆಯಾಗಿ ಬಿಚ್ಚಿದೆ. ಬುಡಕ್ಕೆ ಬಂದಾಗ ಪದರದ ನಡುವೆ ಏನೋ ಸೂಜಿಗೆ ತಗುಲಿತು. ಎಳೆದು ಹೊರಗೆ ತೆಗೆದೆ.

ಗಂಟು.

ಸಾಸಿವೆಯಷ್ಟು ಚಿಕ್ಕ ಗಂಟು. ನಾನು ಜನ್ಮದಲ್ಲಿ ಗಂಟು ಹಾಕಿದವಳಲ್ಲ. ಪಕ್ಕದ ಕಾಜ ಬಿಚ್ಚಿದೆ. ಗಂಟು. ಅದರ ಕೆಳಗಿನದು, ಗಂಟು. ಐದನ್ನೂ ಬಿಚ್ಚಿದೆ. ಮಿಷನ್ನಿನ ಸದ್ದು ಯಾವಾಗಲೋ ನಿಂತಿತ್ತು. ಇವರು ಕತ್ತರಿ ಕೈಯಲ್ಲಿ ಹಿಡಿದು ಕತ್ತರಿಸದೆ ನಿಂತಿದ್ದರು. ಇಬ್ಬರೂ ನನ್ನನ್ನು ನೋಡಲಿಲ್ಲ.

ಮೇ 7

ಎಲ್ಲರಿಗೂ ಗೊತ್ತಿತ್ತು. ನನ್ನ ಹೊರತು ಎಲ್ಲರಿಗೂ.

ಮೇ 9

ಕೇಳಿದೆ. ಇವರನ್ನೂ ಅವಳನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದೆ.

ನಾನು ಸಂಜೆ ಕೋಟು ತೂಗುಹಾಕಿ ಹೋದ ಮೇಲೆ, ಬೆಳಿಗ್ಗೆ ನನ್ನ ಕೈ ಸಡಿಲವಾಗುವ ಮೊದಲು ಅವಳು ಅಂಗಡಿಗೆ ಹೋಗಿ, ನನ್ನ ಕಾಜ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳಂತೆ. ಎಳೆ ನನ್ನ ದಿಕ್ಕಿಗೆ ವಾಲಬೇಕಲ್ಲ? ಅದಕ್ಕೆ ಎಡಗೈಯಲ್ಲಿ ಹೊಲಿಯುವುದನ್ನು ಕಲಿತಳಂತೆ. ನನಗೆ ಕಾಯಿಲೆ ಬಂತೆಂದು ಗೊತ್ತಾದ ಚಳಿಗಾಲದಿಂದಲೇ ತನ್ನ ಮನೆಯಲ್ಲಿ ಚಿಂದಿಗಳ ಮೇಲೆ ಅಭ್ಯಾಸ ನಡೆದಿತ್ತಂತೆ. ಲೋಟ, ಚಿಲಕ, ಎಲ್ಲ ಅದಕ್ಕೇ. ಬೀಗದ ಕೈ ಕೊಟ್ಟವರು ಇವರು.

'ಮೊದಲನೇ ದಿನ ಇದೊಂದೇ ಸಲ ಅಂತ ಮಾಡಿದೆ ಅಕ್ಕಾ,' ಅಂದಳು. 'ನೀವು ಬಂದು ಅದನ್ನ ನೋಡಿದ್ರಿ. ಅವತ್ತೆಲ್ಲ ಹಾಡು ಗುನುಗ್ತಾ ಇದ್ರಿ. ಮಾರನೇ ದಿನ ಹೇಗೆ ಬಿಡ್ಲಿ?'

'ಆ ಕಾಜ ನೋಡ್ಕೊಂಡೇ ನಾನು ಮಾತ್ರೆ ಮುಟ್ಲಿಲ್ಲ,' ಅಂದೆ. 'ಅದು ಗೊತ್ತಾ ನಿಂಗೆ?'

ಅವಳಿಗೆ ಗೊತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ಮಾತ್ರೆ ನುಂಗುತ್ತಿದ್ದಾಳೆ, ಇವತ್ತಲ್ಲ ನಾಳೆ ಕೈ ಸರಿಹೋಗುತ್ತದೆ, ಅಲ್ಲಿಯವರೆಗೆ ಹೇಗಾದರೂ ಸಂಭಾಳಿಸೋಣ ಎಂದುಕೊಂಡಿದ್ದರಂತೆ ಇಬ್ಬರೂ. ಇವರಂತೂ ನೆಲ ನೋಡುತ್ತ, ನಿನ್ನ ಮುಖ ನೋಡಿ ಹೇಳೋ ಧೈರ್ಯ ಬರಲಿಲ್ಲ ಎಂದರು. ಮೂವತ್ತು ವರ್ಷ ಸಂಸಾರ ಮಾಡಿದ ಮುಖ.

ಗಿರಾಕಿಗಳ ಮುಂದೆ ನಾನು ಬೀಗಿದೆನಲ್ಲ! ವಕೀಲರಿಗೆ ಕೋಟು ತೊಡಿಸುತ್ತ, ನೋಡಿ ಸಾರ್ ಈ ವಯಸ್ಸಿನಲ್ಲೂ ನನ್ನ ಕೈ ಎಂದೆನಲ್ಲ! ಆಗ ಇವಳು ಮಿಷನ್ನಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ನೆನೆದರೆ ಮೈ ಉರಿಯುತ್ತದೆ. ಮೈ ಮೋಸ ಮಾಡಿತು, ಸರಿ, ಅದಕ್ಕೆ ಬುದ್ಧಿಯಿಲ್ಲ. ಇವರಿಗೇನಾಗಿತ್ತು?

ಬೀಗದ ಕೈ ಅವಳಿಂದ ಕಿತ್ತುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ಇನ್ನು ಮೇಲೆ ನಾನು ಹೋದಾಗಲೇ ಅಂಗಡಿ ತೆಗೆಯುವುದು.

ಮೇ 14

ಬಿಸಿನೀರಮ್ಮನ ಹತ್ತಿರ ಹೋಗಿ ಕೂಗಾಡಿದೆ. ನಿನ್ನ ಮೇಣ, ನಿನ್ನ ಉಸಿರಾಟ, ಎಲ್ಲ ಬೂಟಾಟಿಕೆ ಎಂದೆ. ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು.

'ನಾನು ನೋವಿಗೆ ಅಮ್ಮಾ. ರೋಗಕ್ಕೆ ಡಾಕ್ಟ್ರು. ಮೊದಲನೇ ದಿನಾನೇ ಹೇಳಿದ್ದೆ,' ಅಂದಳು. 'ಮಾತ್ರೆ ತಗೋತಿದೀನಿ ಅಂದ್ರಲ್ಲ ನೀವು?'

ಹಾಗೆಂದಿದ್ದೆನೇ? ಅಂದಿರಬಹುದು. ಆ ಮಾತಿಗೂ ಇದಕ್ಕೂ ಏನು ಸಂಬಂಧ? ಬಿಸಿನೀರಿನ ಬೋಗುಣಿ ತಂದು ಮುಂದಿಟ್ಟಳು. ಬೇಡ ಎನ್ನಬೇಕೆಂದಿದ್ದೆ, ಕೈ ತಾನೇ ಇಳಿಯಿತು.

ಮೇ 19

ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದಳು. ಎಡಗೈಯ ಎರಡು ಗೆಣ್ಣಿನ ಅಂಚು ಇಲಿ ತಿಂದ ಬಿಸ್ಕತ್ತಿನ ಹಾಗಿದೆ. ಚಳಿಗಾಲದ ಚಿತ್ರದಲ್ಲಿ ಹಾಗಿರಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಳು, ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಇವು ಮೊದಲಿನ ಹಾಗೆ ಆಗುತ್ತವೆಯೇ ಎಂದು ಕೇಳಿದೆ. ಇಲ್ಲ ಎಂದಳು. ಉಳಿದವನ್ನು ಉಳಿಸಿಕೊಳ್ಳೋಣ, ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಬಿಸಿನೀರು ಈಜುಕೊಳ ಯಾವುದನ್ನೂ ಬಿಡಬೇಡಿ, ನೋವಿಗೆ ಅವು ಒಳ್ಳೆಯವು ಎಂದಳು. ಇವರು ಪಕ್ಕದ ಕುರ್ಚಿಯಲ್ಲಿ ಕೂತು ಅತ್ತರು. ನಾನು ಅಳಲಿಲ್ಲ. ಯಾರ ಎದುರಿಗೆ ಅಳಲಿ?

ಜೂನ್ 2

ಮಾತ್ರೆ ನುಂಗಿದ ಮಾರನೇ ದಿನ ಪ್ರಪಂಚವೆಲ್ಲ ವಾಕರಿಕೆ. ಮಾಡಿದ ಅಡುಗೆ ಹಾಗೇ ಉಳಿಯಿತು. ಬಾಗಿಲಲ್ಲಿ ಯಾರೋ ಗಂಜಿಯ ಪಾತ್ರೆ ಇಟ್ಟು ಹೋಗಿದ್ದರು. ಪಾತ್ರೆ ಯಾರದೆಂದು ನನಗೆ ಗೊತ್ತಿಲ್ಲವೇ. ವಾಪಸ್ ಕಳಿಸಬೇಕೆಂದಿದ್ದೆ. ಹಸಿವು ಮಾನ ಕಳೆಯುತ್ತದೆ, ಕುಡಿದೆ. ಪಾತ್ರೆಯನ್ನು ಮಾತ್ರ ತೊಳೆಯದೆ ಕಳಿಸಿದೆ.

ಜೂನ್ 20

ಅವಳ ಜೊತೆ ಮಾತು ಬಿಟ್ಟಿದ್ದೇನೆ. ಏನಿದ್ದರೂ ಇವರ ಮೂಲಕ. 'ಕಾಲರ್ ಎಳೀತಿದೆ ಅಂತ ಹೇಳ್ರೀ ಅವಳಿಗೆ' ಅನ್ನುತ್ತೇನೆ, ಅವಳು ಎರಡು ಮಾರು ದೂರದಲ್ಲೇ ಕೂತಿರುತ್ತಾಳೆ. ಇವರು ಕತ್ತರಿ ಕೆಳಗಿಟ್ಟು, ಅವಳ ಕಡೆ ತಿರುಗಿ, ಕಾಲರ್ ಎಳೀತಿದೆಯಂತೆ ಅನ್ನುತ್ತಾರೆ. ಅವಳು ಸರಿ ಭಾವ ಅನ್ನುತ್ತಾಳೆ. ಇವರು ಮತ್ತೆ ನನ್ನ ಕಡೆ ತಿರುಗಿ, ಸರಿಯಂತೆ ಅನ್ನುತ್ತಾರೆ. ಇವತ್ತು ಗಿರಾಕಿಯೊಬ್ಬರಿಗೆ ಇದನ್ನು ನೋಡಿ ನಗು ತಡೆಯಲಾಗಲಿಲ್ಲ.

ಕಾಲರ್ ಎಳೆಯುತ್ತಿತ್ತು. ಮೊದಲೆಲ್ಲ ನನ್ನ ಸೂಜಿಯ ಆಚೆಗೆ ಏನೂ ಕಾಣುತ್ತಿರಲಿಲ್ಲ. ಈಗ ಕಾಜಗಳನ್ನೆಲ್ಲ ಇವರು ಪೇಟೆಯ ಕಾಜದ ಮಿಷನ್ನಿಗೆ ಕಳಿಸುತ್ತಾರೆ. ಕೆಲಸವಿಲ್ಲದೆ ಸ್ಟೂಲಿನ ಮೇಲೆ ಕೂತವಳಿಗೆ ತೋಳು ತಿರುಚಿದ್ದು, ಬೆನ್ನು ಸುಕ್ಕಾದದ್ದು ಎಲ್ಲ ಕಾಣುತ್ತದೆ. ಇವರು ಅಳತೆಗೂ ನನ್ನನ್ನೇ ಕೇಳಲು ಶುರುಮಾಡಿದ್ದಾರೆ. ಕಸದ ಬುಟ್ಟಿಗೂ ಒಂದು ಕೆಲಸ ಕೊಡುವ ಹಾಗೆ.

ಜುಲೈ 11

ಈಜುಕೊಳದಲ್ಲಿ ಒಬ್ಬ ಮುದುಕಿ, ನಿಮ್ಮದು ಮೊಣಕಾಲೋ ಕೈಯೋ ಎಂದು ಕೇಳಿದಳು. ಓರಗಿತ್ತಿ ಎಂದೆ. ನಗುತ್ತ ನೀರು ಕುಡಿದಳು, ಎತ್ತಿ ಬೆನ್ನು ತಟ್ಟಬೇಕಾಯಿತು. ಎರಡೂ ಕೈಯಲ್ಲಿ ತಟ್ಟಿದೆ.

ಆಗಸ್ಟ್ 17

ಬ್ಯಾಂಡ್ ಮೇಷ್ಟ್ರು ಮತ್ತೊಂದು ಕೋಟಿಗೆ ಬಂದರು. ಹೊಸ ಹೊಟ್ಟೆಗೆ ಹೊಸ ಕೋಟು. ಎಡಗೈ ಕಾಜ ಇರಲಿ ಎಂದರು, ಮಾಮೂಲಿನ ಹಾಗೆ. ನನಗೆ ತಡೆಯಲಾಗಲಿಲ್ಲ. ಹಿಂದಿನದು ನಾನು ಹೊಲಿದದ್ದಲ್ಲ, ಇವಳು ನನ್ನ ಹಾಗೆ ಹೊಲಿದದ್ದು ಎಂದು ಎಲ್ಲರೆದುರಿಗೆ ಹೇಳಿಬಿಟ್ಟೆ. ಅವರು ನನ್ನನ್ನೂ ಅವಳನ್ನೂ ನೋಡಿ, 'ಗುಂಡಿ ನಿಂತ್ರೆ ಸಾಕಮ್ಮ' ಎಂದರು. ತಮಾಷೆಗಲ್ಲ, ನಿಜವಾಗಿಯೇ.

ಗುಂಡಿ ನಿಂತರೆ ಸಾಕು. ಹಾಗಾದರೆ ಇಷ್ಟು ವರ್ಷ ನಾನು ಕಣ್ಣು ಕಳೆದುಕೊಂಡದ್ದು ಯಾರಿಗಾಗಿ? ನನ್ನ ಎಳೆ ಯಾವ ಕಡೆ ವಾಲುತ್ತದೆ ಎಂದು ನೋಡಿದವರು ಲೋಕದಲ್ಲಿ ಇಬ್ಬರೇ. ಒಬ್ಬರು ಮಾವ, ಅವರು ಹೋದರು. ಇನ್ನೊಬ್ಬಳು ಇವಳು. ಒಂದೊಂದು ಎಳೆಯನ್ನೂ ಎಣಿಸಿ ನೋಡಿದ್ದಾಳೆ, ಮೋಸ ಮಾಡಲಿಕ್ಕಾದರೂ.

ಆಗಸ್ಟ್ 29

ಬ್ಯಾಂಡ್ ಮೇಷ್ಟ್ರ ಕೋಟು ಕಾಜಕ್ಕೆ ಬಂತು. ಇವರು ಅದನ್ನು ನನ್ನ ಮುಂದೆಯೂ ಇಡದೆ ಅವಳ ಮುಂದೆಯೂ ಇಡದೆ ನಡುವಿನ ಮೇಜಿನ ಮೇಲಿಟ್ಟು, ಗೋಡೆ ನೋಡುತ್ತ ನಿಂತರು. ಎಂಥ ಧೀರರು!

ನಾನೇ ಸೂಜಿ ಎತ್ತಿದೆ. ಮಾತ್ರೆ ಹಿಡಿಯುತ್ತಿದೆ, ಊತ ಇಳಿದಿದೆ, ಬೆಳಿಗ್ಗೆ ಬ್ರಷ್ ಒಂದೇ ಕೈಗೆ ಬರುತ್ತದೆ. ಆದರೆ ಆ ಎರಡು ಬೆರಳು ಸೂಜಿಯನ್ನು ಹಿಡಿಯುತ್ತವೆ, ಬಿಗಿಯುವುದಿಲ್ಲ. ಒಂದು ಎಳೆ ಹಾಕಿ ನೋಡಿದೆ. ಬಿಚ್ಚಿದೆ. ಸೂಜಿಯನ್ನು ಅವಳ ಕಡೆ ಚಾಚಿದೆ.

ಎಡಗೈ ಮುಂದೆ ಬಂತು.

'ಬಲಗೈಗೆ ತಗೋ,' ಅಂದೆ. ಮೂರು ತಿಂಗಳಲ್ಲಿ ಅವಳಿಗೆ ಆಡಿದ ಮೊದಲ ಮಾತು.

ತಗೊಂಡಳು. ಎರಡು ಎಳೆ ಹಾಕಿದಳು, ಸೊಟ್ಟ. ಬಿಚ್ಚಿ ಮತ್ತೆ ಹಾಕಿದಳು, ಇನ್ನೂ ಸೊಟ್ಟ. ಕಣ್ಣಲ್ಲಿ ನೀರು ತುಂಬಿಕೊಂಡು, 'ಅಕ್ಕಾ, ಕಾಜಕ್ಕೆ ಈಗ ಈ ಕೈ ಬರ್ತಾನೇ ಇಲ್ಲ,' ಅಂದಳು. ನನ್ನ ಕೈ ಕಲಿಯಲು ಹೋಗಿ ತನ್ನ ಕೈಯನ್ನೇ ಕಳೆದುಕೊಂಡಿದ್ದಾಳೆ, ಪೆದ್ದಿ. ಬೈಯಬೇಕು ಅನಿಸಿತು, ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ.

ಸೂಜಿ ಎಡಗೈಗೆ ಹೋಯಿತು. ನನ್ನನ್ನು ಮೆಚ್ಚಿಸಲೆಂದು ದಾರದ ತುದಿಯನ್ನು ಪದರದೊಳಗೆ ಓಡಿಸಲು ನೋಡಿದಳು. ಜಾರಿತು. ಮತ್ತೆ ಓಡಿಸಿದಳು. ಮತ್ತೆ ಜಾರಿತು.

'ಗಂಟು ಹಾಕು,' ಅಂದೆ.

ತಲೆಯೆತ್ತಿ ನೋಡಿದಳು.

'ಹಾಕು. ನಾಳೆ ಯಾರಾದ್ರೂ ಬಿಚ್ಚಿದ್ರೆ ಇದು ನಿಂದು ಅಂತ ಗೊತ್ತಾಗ್ಲಿ.'

ಹಾಕಿದಳು. ಬಟ್ಟೆ ಸರಿಯದ ಹಾಗೆ ಅಂಚನ್ನು ನಾನು ಅಂಗೈಯಲ್ಲಿ ಒತ್ತಿ ಹಿಡಿದಿದ್ದೆ. ಅಷ್ಟಕ್ಕೆ ಬೆರಳು ಬೇಕಿಲ್ಲ. ಐದು ಕಾಜ ಮುಗಿಯುವ ಹೊತ್ತಿಗೆ ಟೀ ತಣ್ಣಗಾಗಿತ್ತು. ಎರಡನೆಯದರಲ್ಲಿ ಒಂದು ಎಳೆ ಸಡಿಲವಿತ್ತು, ಹೇಳಿದೆ, ಬಿಚ್ಚಿ ಹಾಕಿದಳು. ಉಳಿದವು ಚೆನ್ನಾಗಿವೆ. ನಿನ್ನನ್ನು ಕ್ಷಮಿಸಿಲ್ಲ ಎಂದೂ ಹೇಳಿದೆ. ಸೂಜಿಯಿಂದ ಕಣ್ಣೆತ್ತದೆ, ಹೂಂ ಅಕ್ಕಾ ಎಂದಳು.

ಸಂಜೆ ಬೀಗ ಹಾಕಿದವಳು ಅವಳು. ಬೀಗದ ಕೈ ಈಸಿಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ನಾಳೆಯೂ ನಾನು ಹೋಗುವವರೆಗೆ ಅವಳು ಬಾಗಿಲಲ್ಲೇ ಕಾಯಬೇಕು.